ನಿಂತ ಕಾರಿನೊಳಗಿನ ಬಿಸಿಲು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿಯಡಿ ಮಾತಾಡಲು ಕರೆದಾಗ ವಿಷಯದ ಆಯ್ಕೆಯನ್ನು ನೀವು ನನಗೇ ಬಿಟ್ಟಿರಿ. ರೇಬಿಸ್ ಬಗ್ಗೆ ಮಾತಾಡಬಹುದಿತ್ತು, ದೇಸಿ ತಳಿಗಳ ಬಗ್ಗೆ ಮಾತಾಡಬಹುದಿತ್ತು. ಅವಕ್ಕೆ ಮಾತಾಡುವವರಿದ್ದಾರೆ. ನಾನು ಆರಿಸಿಕೊಂಡದ್ದು ವೇದಿಕೆಯ ಮೇಲೆ ಸಾಮಾನ್ಯವಾಗಿ ಯಾರೂ ತರದ ಸಂಗತಿ: ನಿಲ್ಲಿಸಿದ ಕಾರಿನೊಳಗೆ ಸಾಕುಪ್ರಾಣಿಯನ್ನು ಬಿಟ್ಟು, ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, ‘ಈಗ ಬಂದೆ ಇರು’ ಎಂದು ಅದಕ್ಕೇ ಹೇಳಿ ಹೋಗುವುದು. ಒಂದು ಗಂಟೆ ಮಾತಾಡುವಷ್ಟು ಇದರಲ್ಲಿ ಏನಿದೆ ಎಂದು ನಿಮಗೆ ಅನ್ನಿಸಿದರೆ, ಅದೇ ಅನಿಸಿಕೆ ಈ ಉಪನ್ಯಾಸಕ್ಕೆ ಕಾರಣ. ಸಣ್ಣದು ಎಂದು ತಿಳಿದಿರುವುದರಿಂದಲೇ ಇದು ಕೊಲ್ಲುತ್ತದೆ.

ಹೀಗೆ ಬಿಟ್ಟು ಹೋಗುವವರು ಯಾರು? ನಾಯಿಯನ್ನು ಕಂಡರಾಗದವರಲ್ಲ. ಕಂಡರಾಗದವರು ಅದನ್ನು ಕಾರಿಗೆ ಹತ್ತಿಸುವುದೇ ಇಲ್ಲ. ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತದೆ, ಊಟ ಬಿಡುತ್ತದೆ, ಬಾಗಿಲು ಕೆರೆಯುತ್ತದೆ ಎಂದು ಮರುಗುವವರು ಹತ್ತಿಸಿಕೊಳ್ಳುತ್ತಾರೆ. ಅಂದರೆ ಈ ಸಾವುಗಳ ಮೂಲದಲ್ಲಿ ಇರುವುದು ಕ್ರೌರ್ಯವಲ್ಲ, ಅಕ್ಕರೆ. ಅಕ್ಕರೆಗೆ ಲೆಕ್ಕ ಗೊತ್ತಿಲ್ಲದಿದ್ದಾಗ ಏನಾಗುತ್ತದೆ ಎಂಬುದು ನನ್ನ ಇಂದಿನ ವಿಷಯ.

ಅಕ್ಕರೆಯ ಕೊರತೆ ಈ ನಾಡಿಗೆ ಎಂದೂ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಇಮ್ಮಡಿ ಬೂತುಗ ‘ಏನು ಬೇಕೋ ಬೇಡು’ ಎಂದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಸಾವಿರ ವರ್ಷಗಳ ಹಿಂದೆ ನಾಯಿಯ ಹೆಸರಿನಲ್ಲಿ ದತ್ತಿ ಇಟ್ಟ ಜನ ನಾವು. ಹಾಗಾಗಿ ‘ಪ್ರಾಣಿಗಳನ್ನು ಪ್ರೀತಿಸಿ’ ಎಂದು ಉಪದೇಶ ಮಾಡಲು ನಾನು ಇಲ್ಲಿ ನಿಂತಿಲ್ಲ. ಥರ್ಮಾಮೀಟರು ಮತ್ತು ಗಡಿಯಾರ, ಈ ಎರಡನ್ನು ಆ ಪ್ರೀತಿಯ ಪಕ್ಕದಲ್ಲಿ ಇಡುವುದಷ್ಟೇ ನನ್ನ ಕೆಲಸ.

ಮೊದಲು ಕಾರಿನ ವಿಚಾರ. ಎಂಜಿನ್ ಆರಿಸಿದ ಕೂಡಲೇ ಕಾರು ವಾಹನವಾಗಿ ಉಳಿಯುವುದಿಲ್ಲ, ಗಾಜಿನ ಪೆಟ್ಟಿಗೆಯಾಗುತ್ತದೆ. ಇಂಥ ಪೆಟ್ಟಿಗೆ ಹೇಗೆ ವರ್ತಿಸುತ್ತದೆ ಎಂದು ಕಾರು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಒಬ್ಬರು ಅಳೆದಿಟ್ಟಿದ್ದಾರೆ. ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1767ರಿಂದ ಗಾಜು ಹೊದಿಸಿದ ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟು ಒಳಗಿನ ಶಾಖವನ್ನು ಅಳೆಯುತ್ತ ಹೋದರು. ಒಳಮೈಗೆ ಕಪ್ಪು ಬಳಿದು, ಮೂರು ಪದರ ಗಾಜು ಹಾಕಿದ ಪೆಟ್ಟಿಗೆಯೊಳಗೆ ನೀರು ಕುದಿಯುವ ಮಟ್ಟವನ್ನೂ ಮೀರಿದ ಉಷ್ಣತೆ ಕಂಡರು. ಬೆಂಕಿಯಿಲ್ಲ, ಕಟ್ಟಿಗೆಯಿಲ್ಲ, ಬರೀ ಬಿಸಿಲು. ಅವರ ಇನ್ನೊಂದು ಪ್ರಯೋಗ ನಮಗೆ ಇನ್ನೂ ಮುಖ್ಯವಾದದ್ದು. ಅದೇ ಪೆಟ್ಟಿಗೆಯನ್ನು ಆಲ್ಪ್ಸ್ ಪರ್ವತದ ಕ್ರಾಮೋಂ ಶಿಖರಕ್ಕೆ ಹೊತ್ತು ಬಿಸಿಲಿಗೆ ಇಟ್ಟರು. ಮೇಲೆ ಗಾಳಿ ಕಣಿವೆಗಿಂತ ಬಹಳ ತಣ್ಣಗಿತ್ತು. ಆದರೂ ಪೆಟ್ಟಿಗೆಯೊಳಗಿನ ಶಾಖ ಕೆಳಗಿದ್ದಷ್ಟೇ ಹೆಚ್ಚುಕಡಿಮೆ ಮೇಲೂ ಇತ್ತು. ಒಳಗಿನ ಬಿಸಿ ನಿರ್ಧಾರವಾಗುವುದು ಹೊರಗಿನ ಗಾಳಿಯಿಂದಲ್ಲ, ಸೂರ್ಯನಿಂದ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಕಾರಣ ಕಷ್ಟದ್ದೇನಲ್ಲ. ನಿರ್ಮಲ ಆಕಾಶದ ನಡು ಮಧ್ಯಾಹ್ನ ಪ್ರತಿ ಚದರ ಮೀಟರಿಗೆ ಸುಮಾರು 1000 ವಾಟ್‌ನಷ್ಟು ಸೌರಶಕ್ತಿ ನೆಲಕ್ಕೆ ಬೀಳುತ್ತದೆ. ಕಾರಿನ ಗಾಜು ಬೆಳಕನ್ನು ಸಲೀಸಾಗಿ ಒಳಬಿಡುತ್ತದೆ. ಕಪ್ಪು ಡ್ಯಾಶ್‌ಬೋರ್ಡು, ಸೀಟು, ನೆಲದ ಮ್ಯಾಟು ಆ ಬೆಳಕನ್ನು ಹೀರಿ ಕಾಯುತ್ತವೆ. ಕಾದ ಮೇಲೆ ಅವು ಹೊರಸೂಸುವ ಶಾಖಕಿರಣಗಳನ್ನು ಅದೇ ಗಾಜು ಹೊರಗೆ ಬಿಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಿಸಿಯಾದ ಗಾಳಿ ಮೇಲೇರಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬಯಲಲ್ಲಿ ನಿಂತವನಿಗೆ ಗಾಳಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಕಾರಿನೊಳಗೆ ಅದೇ ಗಾಳಿ ಸುತ್ತಿ ಸುತ್ತಿ ಡ್ಯಾಶ್‌ಬೋರ್ಡನ್ನು ಮುಟ್ಟಿ ಬರುತ್ತದೆ.

ಎಷ್ಟು ಬೇಗ ಏರುತ್ತದೆ ಎಂಬುದಕ್ಕೆ 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಕ್ಯಾಲಿಫೋರ್ನಿಯಾದ ಅಧ್ಯಯನ ಇಂದಿಗೂ ಆಧಾರ. ಅದು ನಡೆದದ್ದು ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ಸ್ಟ್ಯಾನ್‌ಫರ್ಡ್‌ನ ವೈದ್ಯರು ಹವಾಮಾನ ತಜ್ಞ ಜಾನ್ ನಲ್ ಅವರ ಜೊತೆಗೂಡಿ 16 ಬಿಸಿಲಿನ ದಿನಗಳಲ್ಲಿ ನಿಂತ ಕಾರಿನೊಳಗಿನ ಉಷ್ಣತೆ ದಾಖಲಿಸಿದರು. ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇತ್ತು. ಒಂದು ಗಂಟೆಯಲ್ಲಿ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿ ಏರಿತು. ಏರಿಕೆಯ ಶೇ. 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಮುಗಿದಿತ್ತು. ಹೊರಗೆ ಬರೀ 22 ಡಿಗ್ರಿ ಇದ್ದ ದಿನವೂ ಒಳಗೆ 47 ಡಿಗ್ರಿ ಮುಟ್ಟಿತು. 22 ಡಿಗ್ರಿ ಎಂದರೆ ನಾವು ಸ್ವೆಟರ್ ಹುಡುಕುವ ಹವೆ.

ಇನ್ನು ನಮ್ಮೆಲ್ಲರ ನೆಚ್ಚಿನ ಸಮಾಧಾನ: ‘ಕಿಟಕಿ ಸ್ವಲ್ಪ ಇಳಿಸಿ ಬಂದಿದ್ದೇನೆ.’ ಅದನ್ನೂ ಅವರು ಅಳೆದರು. ಗಾಜು ಪೂರ್ತಿ ಏರಿಸಿದ್ದಾಗ ಪ್ರತಿ ಐದು ನಿಮಿಷಕ್ಕೆ ಸುಮಾರು 1.9 ಡಿಗ್ರಿ ಏರುತ್ತಿತ್ತು, ಸ್ವಲ್ಪ ಇಳಿಸಿದಾಗ 1.7 ಡಿಗ್ರಿ. ಗಂಟೆಯ ಕೊನೆಗೆ ಎರಡೂ ಕಾರುಗಳು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು. ಕಿಟಕಿಯ ಆ ಸಂದಿ ತಂಪಾಗಿಸುವುದು ನಮ್ಮ ಮನಸ್ಸನ್ನು ಮಾತ್ರ.

ನೆರಳಿನ ಕತೆಯೂ ಪೂರ್ತಿ ನೆಮ್ಮದಿಯದಲ್ಲ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊರಗೆ 38 ಡಿಗ್ರಿ ದಾಟಿದ ದಿನಗಳಲ್ಲಿ ಬಿಸಿಲಿಗೆ ಒಂದು ಗಂಟೆ ನಿಂತ ಕಾರುಗಳ ಒಳಗೆ ಸರಾಸರಿ 47 ಡಿಗ್ರಿ ಇತ್ತು. ಡ್ಯಾಶ್‌ಬೋರ್ಡ್ 69 ಡಿಗ್ರಿ, ಸೀಟು 51 ಡಿಗ್ರಿ. ನೆರಳಲ್ಲಿದ್ದ ಕಾರಿನೊಳಗೆ ಸುಮಾರು 38, ಸೀಟು 41. ನೆರಳು ಖಂಡಿತ ಮೇಲು, ಆದರೆ 41 ಡಿಗ್ರಿಯ ಸೀಟಿನ ಮೇಲೆ ತುಪ್ಪಟದ ಕೋಟು ತೊಟ್ಟು ಕೂರುವುದು ತಂಪಲ್ಲ. ಮೇಲಾಗಿ ಮರದ ನೆರಳು ನಮ್ಮ ಊಟ ಮುಗಿಯುವವರೆಗೆ ಕಾಯುವುದಿಲ್ಲ. ಹನ್ನೆರಡಕ್ಕೆ ಬಾನೆಟ್ಟಿನ ಮೇಲಿದ್ದದ್ದು ಒಂದೂವರೆಗೆ ಪಕ್ಕದ ಸ್ಕೂಟರಿನ ಮೇಲಿರುತ್ತದೆ.

ಇಲ್ಲಿ ಬೆಂಗಳೂರಿನವರಿಗೆ ವಿಶೇಷವಾಗಿ ಒಂದು ಮಾತು. ರಾಯಚೂರು, ಕಲಬುರಗಿಯ ಜನ ಏಪ್ರಿಲ್ ಮಧ್ಯಾಹ್ನ ಕಾರಿನಲ್ಲಿ ಏನನ್ನಾದರೂ ಬಿಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ಅಲ್ಲಿನ ಬಿಸಿಲು ಮೋಸ ಮಾಡುವುದಿಲ್ಲ, ಮುಖಕ್ಕೇ ಹೊಡೆಯುತ್ತದೆ. ಮೋಸ ಮಾಡುವುದು ಬೆಂಗಳೂರು, ಮೈಸೂರು, ಮಡಿಕೇರಿ, ಚಿಕ್ಕಮಗಳೂರಿನ ಹವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ತಂಪು. ಆದರೆ ಊರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ವರ್ಷಕ್ಕೆರಡು ಬಾರಿ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ನಡುಹಗಲಿನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ, ಕಂಬಕ್ಕೂ ನೆರಳಿರುವುದಿಲ್ಲ. ಶೂನ್ಯ ನೆರಳಿನ ದಿನವೆಂದು ಶಾಲಾ ಮಕ್ಕಳು ಬಾಟಲಿ ನಿಲ್ಲಿಸಿ ಆಚರಿಸುವುದು ಇದನ್ನೇ. 2016ರ ಏಪ್ರಿಲ್ 24ರಂದು ನಗರದ ಉಷ್ಣತೆ 39.2 ಡಿಗ್ರಿಗೆ ಏರಿ ದಾಖಲೆ ಬರೆಯಿತು. ಅದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಆಗಸ್ಟಿನಲ್ಲಿ ಮೋಡ ಸರಿದು ಗಂಟೆಗಟ್ಟಲೆ ಬಿಸಿಲು ಬಿದ್ದರೆ ಆಗಲೂ ಅದೇ ನೆತ್ತಿಯ ಸೂರ್ಯ. ಹೊರಗೆ 28 ಡಿಗ್ರಿ, ಹಿತವಾದ ಗಾಳಿ. ಒಳಗೆ ಹತ್ತು ನಿಮಿಷಕ್ಕೆ ಸುಮಾರು 38, ಅರ್ಧ ಗಂಟೆಗೆ 45. ಸೊಸ್ಯೂರ್ ಅವರ ಪೆಟ್ಟಿಗೆ ಬೆಟ್ಟದ ಮೇಲೆ ಹೇಳಿದ ಪಾಠವನ್ನೇ ನಮ್ಮ ಕಾರು ಪ್ರಸ್ಥಭೂಮಿಯ ಮೇಲೆ ಹೇಳುತ್ತಿದೆ.

ಈಗ ನಾಯಿಯ ಮೈಗೆ ಬರೋಣ. ನಾವು ಬೆವರುವ ಪ್ರಾಣಿಗಳು. ಮೈಯ ತುಂಬ ಬೆವರಿನ ಗ್ರಂಥಿಗಳಿವೆ, ಒದ್ದೆಯಾದ ಚರ್ಮದ ಮೇಲೆ ಗಾಳಿ ಬೀಸಿದರೆ ಜೀವ ಹಗುರಾಗುತ್ತದೆ. ನಾಯಿಗೆ ಆ ಬಗೆಯ ಬೆವರಿನ ಗ್ರಂಥಿಗಳಿರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ. ಅಷ್ಟರಿಂದ ಮೈ ತಂಪಾಗದು. ಅದು ನಂಬಿರುವುದು ಏದುಸಿರನ್ನು. ಶರೀರಕ್ರಿಯಾ ವಿಜ್ಞಾನಿ ಕ್ನೂಟ್ ಶ್ಮಿಟ್ ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ತೋರಿಸಿದಂತೆ, ಬಿಸಿಯಾದ ನಾಯಿ ಹೆಚ್ಚಾಗಿ ಮೂಗಿನಿಂದ ಗಾಳಿ ಎಳೆದು ಬಾಯಿಂದ ಬಿಡುತ್ತದೆ. ಮೂಗಿನೊಳಗಿನ ಸುರುಳಿ ಸುರುಳಿಯಾದ ತೇವದ ಪದರಗಳ ಮೇಲೆ ಗಾಳಿ ಹಾದುಹೋಗುವಾಗ ನೀರು ಆವಿಯಾಗಿ ರಕ್ತ ತಂಪಾಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತರೊಳಗೆ ಇರುವ ಉಸಿರಾಟ ಏದುಸಿರಿನಲ್ಲಿ ಮುನ್ನೂರನ್ನು ಮೀರಬಲ್ಲದು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಬಯಲಿನಲ್ಲಿ, ಕುಡಿಯಲು ನೀರಿದ್ದರೆ, ಇದು ಬಹಳ ಸಮರ್ಥವಾದ ವ್ಯವಸ್ಥೆ.

ಮುಚ್ಚಿದ ಕಾರು ಈ ವ್ಯವಸ್ಥೆಯ ಎರಡು ಕಾಲುಗಳನ್ನೂ ಮುರಿಯುತ್ತದೆ. ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ಮೈಯ ಶಾಖ ಸುಮ್ಮನೆ ಹೊರಗೆ ಹರಿಯುತ್ತದೆ. ಗಾಳಿ 39 ದಾಟಿದ ಮೇಲೆ ಹರಿವು ತಿರುಗಿ, ಕಾರು ನಾಯಿಯನ್ನು ಕಾಯಿಸತೊಡಗುತ್ತದೆ. ಆಗ ಉಳಿಯುವುದು ಏದುಸಿರೊಂದೇ. ಆದರೆ ನಾಯಿ ಹೊರಬಿಟ್ಟ ಆವಿ ಅದೇ ಪುಟ್ಟ ಕೋಣೆಯಲ್ಲಿ ಸೇರುತ್ತ ಹೋಗುತ್ತದೆ. ಆಷಾಢದ ಮಂಗಳೂರಿನಲ್ಲಿ ಒಗೆದ ಬಟ್ಟೆ ಹಗ್ಗದ ಮೇಲೆ ಮೂರು ದಿನವಾದರೂ ಒಣಗದಿರುವಂತೆ, ತೇವ ತುಂಬಿದ ಗಾಳಿಯಲ್ಲಿ ನಾಲಿಗೆ ಒಣಗುವುದಿಲ್ಲ, ಒಣಗದ ನಾಲಿಗೆ ತಂಪು ಕೊಡುವುದಿಲ್ಲ. ಗಾಬರಿಯಿಂದ ಸೀಟಿನಿಂದ ಸೀಟಿಗೆ ಹಾರುವ, ಬೊಗಳುವ ನಾಯಿಯ ಸ್ನಾಯುಗಳೇ ಇನ್ನಷ್ಟು ಶಾಖ ಹುಟ್ಟಿಸುತ್ತವೆ. ಬದುಕಿಕೊಳ್ಳಲು ಅದು ಮಾಡುವ ಪ್ರತಿಯೊಂದು ಪ್ರಯತ್ನವೂ ಅದನ್ನು ಇನ್ನಷ್ಟು ಕಾಯಿಸುತ್ತದೆ.

ಮೈಬಿಸಿ 41 ಡಿಗ್ರಿ ದಾಟಿತೆಂದರೆ ಅದು ಶಾಖಾಘಾತ, ನಾವು ಹೀಟ್ ಸ್ಟ್ರೋಕ್ ಎನ್ನುವುದು. ಇದನ್ನು ಜ್ವರವೆಂದು ತಿಳಿಯಬಾರದು. ಜ್ವರದಲ್ಲಿ ಮೆದುಳೇ ಉಷ್ಣತೆಯನ್ನು ಏರಿಸಿಕೊಂಡಿರುತ್ತದೆ, ಇಲ್ಲಿ ಮೆದುಳಿನ ಕೈಯಿಂದ ಹಿಡಿತ ತಪ್ಪಿರುತ್ತದೆ. ಆದ್ದರಿಂದ ಪ್ಯಾರಸಿಟಮಾಲ್ ಮುಂತಾದ ಮನುಷ್ಯರ ಜ್ವರದ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು, ಅಪಾಯವನ್ನೂ ತರಬಹುದು. ಮೊದಲು ಜೋರು ಏದುಸಿರು, ಅಂಟಂಟಾದ ಜೊಲ್ಲು, ಕಡುಗೆಂಪಾದ ನಾಲಿಗೆ ಮತ್ತು ಒಸಡು. ಆಮೇಲೆ ವಾಂತಿ, ಭೇದಿ, ತೂರಾಡುವ ನಡಿಗೆ. ಕೊನೆಗೆ ಸೆಳೆತ, ಪ್ರಜ್ಞೆ ತಪ್ಪುವುದು. ಒಳಗೆ ನಡೆಯುವುದು ಇದಕ್ಕಿಂತ ಕೆಟ್ಟದ್ದು. ಕರುಳಿನ ಗೋಡೆ ಸೋರಿ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ, ರಕ್ತ ಹೆಪ್ಪುಗಟ್ಟುವ ಕ್ರಮವೇ ಕೆಡುತ್ತದೆ, ಮೂತ್ರಪಿಂಡ ಸೋಲುತ್ತದೆ. ಎದ್ದು ನಿಂತು ಬಾಲ ಅಲ್ಲಾಡಿಸಿದ ನಾಯಿ ಮಾರನೆಯ ದಿನ ಸಾಯುವುದು ಇದರಿಂದಲೇ. ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಗೆ 1999ರಿಂದ 2004ರ ನಡುವೆ ಶಾಖಾಘಾತದಿಂದ ಬಂದ 54 ನಾಯಿಗಳ ದಾಖಲೆಯನ್ನು ಅಲ್ಲಿನ ವೈದ್ಯರು ಪ್ರಕಟಿಸಿದ್ದಾರೆ. ಅವುಗಳಲ್ಲಿ ಅರ್ಧದಷ್ಟು ಸತ್ತವು. 90 ನಿಮಿಷಕ್ಕಿಂತ ತಡವಾಗಿ ಆಸ್ಪತ್ರೆ ಸೇರಿದವುಗಳಲ್ಲಿ ಸಾವಿನ ಅಪಾಯ ಹೆಚ್ಚಿತ್ತು.

ಎಲ್ಲ ನಾಯಿಗಳಿಗೂ ಅಪಾಯ ಒಂದೇ ಸಮನಲ್ಲ. ಏದುಸಿರಿನ ಯಂತ್ರವಿರುವುದು ಮೂಗಿನಲ್ಲಿ ಎಂದೆ. ಮೂಗನ್ನೇ ಮೊಟಕು ಮಾಡಿ ಬೆಳೆಸಿದ ತಳಿಗಳು ಪಗ್, ಬುಲ್‌ಡಾಗ್, ಶಿಟ್ಸು, ಬಾಕ್ಸರ್. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಯೋಜನೆಯೊಂದರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ನಾಯಿಗಳ 2016ರ ವೈದ್ಯಕೀಯ ದಾಖಲೆಗಳನ್ನು ಜಾಲಾಡಿದಾಗ, ಲ್ಯಾಬ್ರಡಾರ್‌ಗೆ ಹೋಲಿಸಿದರೆ ಬುಲ್‌ಡಾಗ್‌ಗೆ ಶಾಖಾಘಾತದ ಸಂಭವ ಸುಮಾರು 14 ಪಟ್ಟು ಹೆಚ್ಚು ಎಂದು ಕಂಡಿತು. ಬೊಜ್ಜು ಬಂದ ನಾಯಿ, ಮುದಿ ನಾಯಿ, ಹೃದಯದ ತೊಂದರೆ ಇರುವ ನಾಯಿಗೂ ಅಪಾಯ ಹೆಚ್ಚು. ನಮ್ಮ ಮುಧೋಳದ ನಾಯಿಗೆ ಉದ್ದ ಮೂತಿ, ತೆಳು ತುಪ್ಪಟ, ಬಯಲುಸೀಮೆಯ ಬಿಸಿಲಿನ ರೂಢಿ, ಎಲ್ಲ ಇದೆ. ಆದರೆ ಆ ರೂಢಿ ಬಯಲಿನದು. ಓಡಾಡುವ ಗಾಳಿಯಿಲ್ಲದ ಕಡೆ ಮುಧೋಳವೂ ಪಗ್‌ನ ಹಿಂದೆಯೇ ಹೋಗುತ್ತದೆ, ಸ್ವಲ್ಪ ತಡವಾಗಿ ಅಷ್ಟೆ. ಬೆಕ್ಕು ಇನ್ನೂ ಮೌನಿ. ಬಾಯಿ ತೆರೆದು ಏದುವ ಬೆಕ್ಕು ಆಗಲೇ ಕಷ್ಟದಲ್ಲಿದೆ ಎಂದರ್ಥ. ಪಂಜರದ ಹಕ್ಕಿ, ಮೊಲಗಳಿಗೆ ಸಿಗುವ ಕಾಲಾವಕಾಶವೂ ಕಡಿಮೆಯೇ.

ಅದೇ ಬ್ರಿಟಿಷ್ ದಾಖಲೆಗಳಲ್ಲಿ ನನ್ನ ವಿಷಯಕ್ಕೆ ವಿರುದ್ಧವೆಂದು ಕಾಣುವ ಒಂದು ಅಂಶವಿದೆ, ಅದನ್ನು ಮುಚ್ಚಿಡಬಾರದು. ಶಾಖಾಘಾತದ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಬಂದದ್ದು ಬಿಸಿಲಿನಲ್ಲಿ ಓಡಿಸಿದ, ಆಡಿಸಿದ ನಾಯಿಗಳಿಂದ. ಕಾರಿನೊಳಗೆ ಸಿಲುಕಿದವು ಸುಮಾರು ಶೇ. 5 ಮಾತ್ರ. ಹಾಗಾದರೆ ಕಾರಿನ ಬಗ್ಗೆ ಇಷ್ಟು ಮಾತೇಕೆ? ಮೊದಲನೆಯದಾಗಿ, ಆ ದೇಶದಲ್ಲಿ ಬಿಸಿಯಾದ ಕಾರಿನಲ್ಲಿ ನಾಯಿ ಸಾಯುತ್ತದೆ ಎಂಬ ಪ್ರಚಾರ ವರ್ಷಗಳಿಂದ ನಡೆದಿದೆ, ನಮ್ಮಲ್ಲಿ ಅದು ಇನ್ನೂ ಆರಂಭವಾಗಿಲ್ಲ ಎನ್ನಬಹುದು. ಎರಡನೆಯದಾಗಿ, ಮೈದಾನದಲ್ಲಿ ಬಳಲಿದ ನಾಯಿ ಕುಳಿತುಬಿಡಬಹುದು, ನೆರಳಿಗೆ ಹೋಗಬಹುದು, ಕನಿಷ್ಠ ನಮ್ಮ ಕಣ್ಣೆದುರಿಗಾದರೂ ಇರುತ್ತದೆ. ಕಾರಿನೊಳಗೆ ಅದಕ್ಕೆ ಆಯ್ಕೆಯಿಲ್ಲ, ನೋಡುವವರೂ ಇಲ್ಲ. ಮೂರನೆಯದಾಗಿ, ನಮ್ಮ ಊರಿನ ವಾಡಿಕೆಯಲ್ಲಿ ಈ ಎರಡೂ ಒಂದರ ಬೆನ್ನಿಗೊಂದು ಬರುತ್ತವೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ನಾಯಿಗಳ ಜಾತ್ರೆಯೇ ನೆರೆಯುತ್ತದೆ. ಓಡಿ ಕುಣಿದು ಆಗಲೇ ಮೈ ಬಿಸಿಯಾದ ನಾಯಿಯನ್ನು ಒಂಬತ್ತೂವರೆಗೆ ಕಾರಿಗೆ ಹತ್ತಿಸಿ, ಎಲ್ಲರೂ ದೋಸೆ ತಿನ್ನಲು ಹೋಗುತ್ತಾರೆ. ಹೋಟೆಲಿನಲ್ಲಿ ಟೇಬಲ್ಲಿಗೆ ಕಾಯಬೇಕು, ದೋಸೆಗೆ ಕಾಯಬೇಕು, ಕಾಫಿ ಬಿಟ್ಟು ಏಳಲಾಗದು. ಲೆಕ್ಕ ನೀವೇ ಹಾಕಿ.

ಈ ‘ಎರಡೇ ನಿಮಿಷ’ದ ಲೆಕ್ಕದಲ್ಲಿಯೇ ಎಲ್ಲವೂ ತಪ್ಪುವುದು. ನಾವು ಅಂದಾಜು ಮಾಡುವುದು ಕೆಲಸದ ಅವಧಿಯನ್ನು, ಕಾಯುವ ಅವಧಿಯನ್ನಲ್ಲ. ಔಷಧಿ ಅಂಗಡಿಯಲ್ಲಿ ಒಂದು ಸ್ಟ್ರಿಪ್ ಮಾತ್ರೆ ಕೊಳ್ಳಲು ಎರಡು ನಿಮಿಷವೇ ಸಾಕು. ಆದರೆ ಮುಂದೆ ನಾಲ್ಕು ಜನ, ಯುಪಿಐ ಸರ್ವರ್ ಡೌನ್, ಪರಿಚಯದವರೊಬ್ಬರು ಸಿಕ್ಕರು. ಮದುವೆ ಮನೆಯಲ್ಲಿ ಅಕ್ಷತೆ ಹಾಕಿ ಬರುತ್ತೇನೆ ಎಂದವರನ್ನು ಊಟ ಮಾಡದೆ ಕಳಿಸುವ ಬೀಗರು ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ. ದೇವಸ್ಥಾನದ ಸರದಿ, ಮೃಗಾಲಯದ ಟಿಕೆಟ್ ಕೌಂಟರು, ಅರಮನೆಯ ಒಂದು ಸುತ್ತು, ಇವು ಯಾವುದೂ ನಮ್ಮ ಗಡಿಯಾರದ ಮಾತು ಕೇಳುವುದಿಲ್ಲ. ಮೃಗಾಲಯದೊಳಗೆ ಸಾಕುನಾಯಿಯನ್ನು ಬಿಡುವುದಿಲ್ಲ, ದೇವಸ್ಥಾನಗಳಲ್ಲಿಯೂ ಸಾಮಾನ್ಯವಾಗಿ ಬಿಡುವುದಿಲ್ಲ. ಬಾಗಿಲಿನವರೆಗೆ ಬಂದಮೇಲೆ ಅದು ಗೊತ್ತಾದರೆ ಮನೆಮಂದಿಯ ಕಣ್ಣು ಸಹಜವಾಗಿ ಹೋಗುವುದು ಕಾರಿನ ಕಡೆಗೆ.

ಇದು ತಿಳಿವಳಿಕೆ ಇಲ್ಲದವರ ತಪ್ಪು ಎಂದು ಯಾರಾದರೂ ಅಂದುಕೊಂಡರೆ ಒಂದು ಉದಾಹರಣೆ ಹೇಳುತ್ತೇನೆ. 2009ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರ್‌ನಲ್ಲಿ ಎರಡು ಪೊಲೀಸ್ ನಾಯಿಗಳು ಕಾರಿನೊಳಗೆ ಸತ್ತವು. ಬಿಟ್ಟು ಹೋದದ್ದು ನಾಯಿ ತರಬೇತಿಯಲ್ಲಿ ನುರಿತ ಅಧಿಕಾರಿಯೇ. ಪ್ರಾಣಿ ಕಲ್ಯಾಣ ಕಾಯ್ದೆಯಡಿ ಅವರ ಮೇಲೆ ಮೊಕದ್ದಮೆ ನಡೆದು ತಪ್ಪು ಸಾಬೀತಾಯಿತು.  ಇನ್ನೊಂದೆಡೆ, ಅಮೆರಿಕದಲ್ಲಿ 1998ರಿಂದ ಈಚೆಗೆ ವರ್ಷಕ್ಕೆ ಸರಾಸರಿ 37ರಷ್ಟು ಮಕ್ಕಳು ಬಿಸಿಯಾದ ಕಾರಿನಲ್ಲಿ ಸತ್ತಿರುವುದನ್ನು ಜಾನ್ ನಲ್ ದಾಖಲಿಸುತ್ತ ಬಂದಿದ್ದಾರೆ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ತಂದೆ ತಾಯಿ ಅಥವಾ ನೋಡಿಕೊಳ್ಳುವವರು ಮಗು ಕಾರಿನಲ್ಲಿದೆ ಎಂಬುದನ್ನೇ ಮರೆತಿದ್ದರು. ದಿನನಿತ್ಯದ ಅಭ್ಯಾಸದ ನೆನಪು ‘ಇವತ್ತು ಹಿಂದಿನ ಸೀಟಿನಲ್ಲಿ ಮಗು ಇದೆ’ ಎಂಬ ಹೊಸ ನೆನಪನ್ನು ತುಳಿದುಹಾಕುತ್ತದೆ ಎನ್ನುತ್ತಾರೆ ಈ ಬಗ್ಗೆ ಕೆಲಸ ಮಾಡಿರುವ ಮನೋವಿಜ್ಞಾನಿ ಡೇವಿಡ್ ಡೈಮಂಡ್. ಮಗುವನ್ನೇ ಮರೆಯುವ ಮನಸ್ಸು ನಾಯಿಯನ್ನು ಮರೆಯಲಾರದು ಎಂದು ಭರವಸೆ ಇಡುವುದು ಹೇಗೆ? ಸಂಕಲ್ಪವನ್ನು ನಂಬಿ ಕೂರಬಾರದು, ಅಭ್ಯಾಸವನ್ನೇ ಬದಲಿಸಬೇಕು ಎನ್ನುವುದು ಇದಕ್ಕೇ.

‘ಎಸಿ ಹಾಕಿ ಬಿಟ್ಟಿರುತ್ತೇವಲ್ಲ’ ಎನ್ನುವವರಿದ್ದಾರೆ. ಎಂಜಿನ್ ನಿಂತರೆ ಎಸಿ ತಂಪು ಕೊಡುವುದನ್ನು ಬಿಡುತ್ತದೆ, ಹೊರಗಿರುವ ನಿಮಗೆ ತಿಳಿಯುವುದಿಲ್ಲ. ನಾಯಿಯ ಪಾದ ಯಾವ ಸ್ವಿಚ್ಚಿನ ಮೇಲೆ ಬೀಳುತ್ತದೋ ಹೇಳಲಾಗದು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್‌ನ ಅಪಾಯ ಬೇರೆ. ಟೆಸ್ಲಾ ಕಂಪನಿ 2019ರಲ್ಲಿ ತನ್ನ ಕಾರುಗಳಿಗೆ ‘ಡಾಗ್ ಮೋಡ್’ ತಂದಿತು. ಮಾಲೀಕರಿಲ್ಲದಾಗಲೂ ಎಸಿ ಓಡುತ್ತದೆ, ಒಳಗಿನ ಉಷ್ಣತೆಯನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತದೆ. ಒಳ್ಳೆಯ ಯೋಚನೆಯೇ. ನಮ್ಮ ರಸ್ತೆಯ ಬಹುಪಾಲು ಕಾರುಗಳಲ್ಲಿ ಅದಿಲ್ಲ. ಒಂದು ಬಟ್ಟಲು ನೀರು ಇಟ್ಟು ಹೋಗುವುದೂ ಸಾಲದು. ನೀರು ಬಾಯಾರಿಕೆಯನ್ನು ತಣಿಸುತ್ತದೆ, 45 ಡಿಗ್ರಿಯ ಗಾಳಿಯನ್ನು ತಣಿಸುವುದಿಲ್ಲ.

ಕಾನೂನು ಏನು ಹೇಳುತ್ತದೆ? ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹಿಡಿದ ಹಟದ ಫಲವಾಗಿ ಬಂದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೇ ಕಲಮು ಪ್ರಾಣಿಗೆ ಅನಗತ್ಯ ನೋವು ಕೊಡುವುದನ್ನು ಅಪರಾಧವೆನ್ನುತ್ತದೆ. ನಿಂತ ಕಾರಿನ ಹೆಸರು ಅಲ್ಲಿಲ್ಲ, ಆದರೆ ಬಿಸಿ ಕಾರಿನಲ್ಲಿ ಬೇಯುವುದು ಅನಗತ್ಯ ನೋವಲ್ಲದೆ ಮತ್ತೇನು? ಶಿಕ್ಷೆ ಮಾತ್ರ ಆ ಕಾಲದ ಬೆಲೆಯಲ್ಲೇ ನಿಂತಿದೆ: ಮೊದಲ ಅಪರಾಧಕ್ಕೆ 10 ರೂಪಾಯಿಯಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಮಾಲ್‌ನಲ್ಲಿ ಕಾರು ನಿಲ್ಲಿಸುವ ಶುಲ್ಕ ಕೆಲವೊಮ್ಮೆ ಈ 50 ರೂಪಾಯಿಯನ್ನು ಮೀರುತ್ತದೆ. ದಂಡ ಏರಿಸಬೇಕೆಂಬ ಕರಡು ತಿದ್ದುಪಡಿಯನ್ನು ಕೇಂದ್ರ ಸರ್ಕಾರ 2022ರಲ್ಲಿ ಜನರ ಅಭಿಪ್ರಾಯಕ್ಕೆ ಇಟ್ಟಿತ್ತು. ಜೀವಿಗಳ ಬಗ್ಗೆ ಅನುಕಂಪ ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ.

ಬೇರೆಯವರ ಕಾರಿನೊಳಗೆ ನಾಯಿ ಸಾಯುತ್ತಿರುವುದು ಕಂಡರೆ ಗಾಜು ಒಡೆಯಬಹುದೇ? ಕ್ಯಾಲಿಫೋರ್ನಿಯಾ 2017ರ ಜನವರಿಯಿಂದ ಇದಕ್ಕೆ ಸ್ಪಷ್ಟ ಕಾನೂನು ಮಾಡಿಕೊಂಡಿದೆ. ಬಾಗಿಲು ಲಾಕ್ ಆಗಿದೆಯೇ ನೋಡಬೇಕು, ಪೊಲೀಸರಿಗೋ ಅಗ್ನಿಶಾಮಕ ದಳಕ್ಕೋ ತಿಳಿಸಬೇಕು, ಅಗತ್ಯಕ್ಕಿಂತ ಹೆಚ್ಚು ಬಲ ಬಳಸಬಾರದು, ಅವರು ಬರುವವರೆಗೆ ಪ್ರಾಣಿಯ ಜೊತೆ ಅಲ್ಲೇ ಇರಬೇಕು. ಇಷ್ಟು ಮಾಡಿದವನ ಮೇಲೆ ಗಾಜಿನ ಹೊಣೆ ಬರುವುದಿಲ್ಲ. ನಮ್ಮಲ್ಲಿ ಅಷ್ಟು ಬಿಡಿಸಿ ಹೇಳುವ ಕಾನೂನಿಲ್ಲ. ದೊಡ್ಡ ಹಾನಿ ತಪ್ಪಿಸಲು ಸದುದ್ದೇಶದಿಂದ ಮಾಡಿದ ಸಣ್ಣ ಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಮು ಸಾಮಾನ್ಯ ರಕ್ಷಣೆ ಕೊಡುತ್ತದೆ, ಆದರೆ ಅದನ್ನು ನ್ಯಾಯಾಲಯದಲ್ಲಿ ವಾದಿಸಿ ಪಡೆಯಬೇಕು. ಆದ್ದರಿಂದ ಕ್ರಮ ಮುಖ್ಯ. ಮೊದಲು ವಾಹನದ ನಂಬರು ಹೇಳಿ ಮೈಕಿನಲ್ಲಿ ಕೂಗಿಸಿ. ನಮ್ಮ ಕಲ್ಯಾಣ ಮಂಟಪ, ಮಾಲ್, ದೇವಸ್ಥಾನಗಳಲ್ಲಿ ಮೈಕಿಗೆ ಬರವಿಲ್ಲ. ಕಾವಲುಗಾರರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ, ಒಬ್ಬರು ವಿಡಿಯೊ ಮಾಡಿಕೊಳ್ಳಲಿ, ಅಕ್ಕಪಕ್ಕದವರು ಸಾಕ್ಷಿಯಾಗಿ ನಿಲ್ಲಲಿ. ನಾಯಿ ಕುಸಿದಿದ್ದು ಯಾರೂ ಬಾರದಿದ್ದರೆ, ಆಮೇಲಿನ ನಿರ್ಧಾರವನ್ನು ನಿಮ್ಮ ವಿವೇಕಕ್ಕೆ ಬಿಡುತ್ತೇನೆ.

ಹೊರತೆಗೆದ ಮೇಲಿನ ಮೊದಲ ನಿಮಿಷಗಳಲ್ಲಿ ಜೀವ ಉಳಿಯುವುದು ಇಲ್ಲವೇ ಹೋಗುವುದು ತೀರ್ಮಾನವಾಗುತ್ತದೆ. ಪಶುವೈದ್ಯರ ಇಂದಿನ ಸೂತ್ರ: ಮೊದಲು ತಂಪಾಗಿಸಿ, ಆಮೇಲೆ ಸಾಗಿಸಿ. ನೆರಳಿಗೆ ತಂದು ಮೈಮೇಲೆ ಧಾರಾಳವಾಗಿ ನೀರು ಸುರಿಯಿರಿ, ತುಪ್ಪಟದ ಒಳಗಿನ ಚರ್ಮಕ್ಕೆ ತಾಗುವಂತೆ. ನಲ್ಲಿ ನೀರು ಸಾಕು, ನಾಯಿಯ ಮೈಗಿಂತ ತಂಪಾದ ಯಾವ ನೀರೂ ಆದೀತು. ಮಂಜುಗಡ್ಡೆ ಹುಡುಕುತ್ತ ಕಾಲ ಕಳೆಯಬೇಡಿ. ಫ್ಯಾನೋ, ರಟ್ಟಿನ ತುಂಡೋ ಹಿಡಿದು ಗಾಳಿ ಹಾಕಿ. ಒದ್ದೆ ಟವೆಲನ್ನು ಹೊದಿಸಿ ಬಿಡುವುದು ಬೇಡ, ಅದು ಸ್ವಲ್ಪ ಹೊತ್ತಿಗೆ ತಾನೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿಯುತ್ತದೆ. ಪ್ರಜ್ಞೆ ಇದ್ದರೆ ಸ್ವಲ್ಪ ಸ್ವಲ್ಪ ಕುಡಿಯಲು ಬಿಡಿ, ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ನೀರು ಹಾಕಬೇಡಿ. ಮೈಬಿಸಿ 39.5ರ ಹತ್ತಿರ ಬಂದಾಗ ನೀರು ಹಾಕುವುದನ್ನು ನಿಲ್ಲಿಸಿ, ಇಲ್ಲವಾದರೆ ಅತಿ ತಂಪಾದೀತು. ಆಮೇಲೆ ಕಿಟಕಿ ತೆರೆದೋ ಎಸಿ ಹಾಕಿಯೋ ಆಸ್ಪತ್ರೆಗೆ ಹೊರಡಿ. ನಾಯಿ ಚೇತರಿಸಿಕೊಂಡಂತೆ ಕಂಡರೂ ಹೋಗಲೇಬೇಕು, ಏಕೆಂದರೆ ಕರುಳು, ಮೂತ್ರಪಿಂಡದ ಏಟು ಹೊರಗೆ ಕಾಣುವುದಿಲ್ಲ.

ಕೊನೆಯದಾಗಿ ನನ್ನ ಬೇಡಿಕೆಗಳು. ಯಾವುದಕ್ಕೂ ದೊಡ್ಡ ಹಣ ಬೇಡ. ವಾಹನ ನಿಲುಗಡೆಯ ಚೀಟಿಯ ಹಿಂದೆ, ‘ಬೆಲೆಬಾಳುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ’ ಎಂಬ ಸಾಲಿನ ಕೆಳಗೆ, ‘ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕಾರಿನಲ್ಲಿ ಬಿಡಬೇಡಿ’ ಎಂಬ ಇನ್ನೊಂದು ಸಾಲು ಅಚ್ಚಾಗಲಿ. ಚೀಟಿ ಕೊಡುವ ಹುಡುಗನಿಗೆ ಒಳಗೆ ಇಣುಕಿ ನೋಡುವ ಅಧಿಕಾರವನ್ನೂ ಮೈಕಿನವರಿಗೆ ಹೇಳುವ ದಾರಿಯನ್ನೂ ಕೊಡಿ. ಪ್ರವಾಸಿ ತಾಣಗಳಲ್ಲಿ, ದೇವಸ್ಥಾನಗಳ ಹೊರಗೆ, ಚಪ್ಪಲಿ ಬಿಡಲು ಒಂದು ಕಟ್ಟೆ ಇರುವಾಗ ನಾಯಿ ಕಟ್ಟಲು ನೆರಳಿನ ಒಂದು ಮೂಲೆ, ಒಂದು ನಲ್ಲಿ, ನೋಡಿಕೊಳ್ಳಲು ಒಬ್ಬರು ಇರುವುದು ಅಸಾಧ್ಯವಲ್ಲ. ಪಶುವೈದ್ಯರೇ, ರೇಬಿಸ್ ಲಸಿಕೆಗೆ ಬಂದ ಪ್ರತಿ ಮಾಲೀಕರಿಗೂ ಈ ವಿಷಯವನ್ನು ಒಂದು ನಿಮಿಷ ಹೇಳಿ. ಲಸಿಕೆ ನಾಯಿಗೆ, ಈ ಮಾತು ಮಾಲೀಕರಿಗೆ.

ಮನೆಯವರಿಗೆ ಒಂದೇ ನಿಯಮ. ಹೊರಡುವ ಮೊದಲು ಕೇಳಿಕೊಳ್ಳಿ: ಹೋಗುವ ಜಾಗದೊಳಗೆ ನಾಯಿಗೆ ಪ್ರವೇಶವಿದೆಯೇ? ಇದ್ದರೆ ಕರೆದೊಯ್ಯಿರಿ. ಇಲ್ಲದಿದ್ದರೆ ಮನೆಯಲ್ಲೇ, ಫ್ಯಾನಿನ ಕೆಳಗೆ, ನೀರಿನ ಬಟ್ಟಲಿನ ಪಕ್ಕ ಬಿಡಿ. ಅದು ಬೇಜಾರು ಮಾಡಿಕೊಳ್ಳಲಿ. ಬೇಜಾರಿನಿಂದ ನಾಯಿ ಸಾಯುವುದಿಲ್ಲ. ಕರೆದೊಯ್ಯಲೇಬೇಕಾಗಿ ಬಂದರೆ ಒಬ್ಬರು ಅದರ ಜೊತೆ ಕಾರಿನ ಹೊರಗೆ ನೆರಳಲ್ಲಿರಲಿ, ಸರದಿಯ ಮೇಲೆ ಒಳಗೆ ಹೋಗಿ ಬನ್ನಿ. ಕಾರಿನ ಕೀ ತೆಗೆದ ಮೇಲೆ ಉಸಿರಾಡುವ ಯಾವುದೂ ಒಳಗೆ ಉಳಿಯಬಾರದು. ಎಷ್ಟು ಹೊತ್ತು, ನೆರಳಿದೆಯೇ, ಮೋಡವಿದೆಯೇ ಎಂಬ ವಿನಾಯಿತಿಗಳನ್ನು ಈ ನಿಯಮಕ್ಕೆ ಸೇರಿಸಬೇಡಿ. ವಿನಾಯಿತಿ ಸೇರಿಸಿದ ದಿನವೇ ಅಂದಾಜು ಶುರುವಾಗುತ್ತದೆ, ಮತ್ತು ಈ ವಿಷಯದಲ್ಲಿ ನಮ್ಮ ಅಂದಾಜು ಯಾವಾಗಲೂ ನಮಗೆ ಬೇಕಾದ ಕಡೆಗೇ ವಾಲುತ್ತದೆ.